ಖಾಲಿ ಕಣಜದ ಅಳತೆ

ಸೆಕೆಂಡಿಗೆ 2.1 ಜಿಬಿ. ಈ ಸಂಖ್ಯೆಯ ಕೆಳಗೆ ನನ್ನ ಸಹಿ ಇದೆ, ಆದ್ದರಿಂದ ಅದನ್ನು ಮರೆಯಲಾರೆ. ಹಳೆಯ ಪತ್ರಿಕೆ, ಕಡತ, ಕೈಬರಹಗಳನ್ನು ಸ್ಕ್ಯಾನ್ ಮಾಡಿ ಜೋಪಾನ ಮಾಡುವ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ನನ್ನ ಪಾಲಿಗಿತ್ತು. 36 ಡಿಸ್ಕುಗಳ ಸ್ಟೋರೇಜ್ ಅರೇಯೊಂದನ್ನು ಕೊಂಡೆವು. ಟೆಂಡರಿನಲ್ಲಿ ‘ಸೆಕೆಂಡಿಗೆ ಕನಿಷ್ಠ 2 ಜಿಬಿ ವೇಗವಿರತಕ್ಕದ್ದು’ ಎಂಬ ಒಂದೇ ಒಂದು ಸಾಲು ವೇಗದ ಬಗ್ಗೆ ಇತ್ತು. ಸರಬರಾಜು ಮಾಡಿದವರ ಕಡೆಯ ಎಂಜಿನಿಯರ್ ಬಂದು, ಡಿಡಿ ಎಂಬ ಹಳೆಯ ಯೂನಿಕ್ಸ್ ಆಜ್ಞೆಯನ್ನು ಟೈಪ್ ಮಾಡಿ, ಆಗಷ್ಟೇ ಫಾರ್ಮ್ಯಾಟ್ ಮಾಡಿದ ಫೈಲ್ ಸಿಸ್ಟಮ್ಮಿಗೆ 10 ಜಿಬಿಯಷ್ಟು ಸೊನ್ನೆಗಳನ್ನು ಬರೆಸಿದರು. ಐದು ಸೆಕೆಂಡಿನೊಳಗೆ ಮುಗಿದು ಪರದೆಯ ಮೇಲೆ 2.1 ಎಂದು ಮೂಡಿತು. “ಟೆಂಡರಿಗಿಂತ ಜಾಸ್ತೀನೇ ಬಂತು ಸರ್, ಇಲ್ಲೊಂದು ಸೈನ್ ಹಾಕ್ಬಿಡಿ” ಎಂದರು. ಹಾಕಿದೆ.

ಏಳು ತಿಂಗಳಾದ ಮೇಲೆ, ಒಂದು ಶನಿವಾರ ರಾತ್ರಿ ಪೂರ್ತಿ ಸಂಗ್ರಹದ ಬ್ಯಾಕಪ್ ಶುರು ಮಾಡಿ ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ಬಂದರೆ ಅದಿನ್ನೂ ಓಡುತ್ತಿತ್ತು. ಬುಧವಾರ ಸಂಗ್ರಹದ ಮೇಲ್ವಿಚಾರಕಿ ನನ್ನ ಮೇಜಿನ ಹತ್ತಿರ ಬಂದು, “ಏನ್ರೀ, ಶನಿವಾರ ಹಾಕಿದ್ದು ಇನ್ನೂ ಮುಗ್ದಿಲ್ವಾ? ಒಂದು ಪುಟ ತೆರೆಯೋಕೆ ಅರ್ಧ ನಿಮಿಷ ಆಗ್ತಿದೆ. ಓದೋಕೆ ಬಂದೋರು ಎದ್ದು ಹೋಗ್ತಿದ್ದಾರೆ” ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ದಣಿವಿತ್ತು. ಬ್ಯಾಕಪ್ ಮುಗಿದದ್ದು ಶುಕ್ರವಾರ.

ಅರೇ ಕೆಟ್ಟಿರಲಿಲ್ಲ. ಕೆಟ್ಟಿದ್ದುದು ನಾವು ಅಳೆದ ರೀತಿ. ಆ ರೀತಿ ನಮ್ಮ ಸಂಸ್ಥೆಯೊಂದರದ್ದೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸ್ಟೋರೇಜ್ ಮಾರುವವರು, ಕೊಳ್ಳುವವರು, ಯಾವ ಫೈಲ್ ಸಿಸ್ಟಮ್ ಹಾಕಬೇಕೆಂದು ತೀರ್ಮಾನಿಸುವವರು ಎಲ್ಲರೂ ಸೇರಿ ಒಂದು ನಂಬಿಕೆಯನ್ನು ಸಾಕಿ ಬೆಳೆಸಿದ್ದಾರೆ. ದೊಡ್ಡ ಅರೇಯ ಸಾಮರ್ಥ್ಯವನ್ನು ಒಂದು ವೇಗದ ಸಂಖ್ಯೆಯಲ್ಲಿ ಹೇಳಿಬಿಡಬಹುದು, ಎಲ್ಲರಿಗೂ ಒಂದೇ ಪರೀಕ್ಷೆ ಕೊಟ್ಟರೆ ಆ ಸಂಖ್ಯೆ ನ್ಯಾಯದ್ದು, ದೊಡ್ಡ ಸಂಖ್ಯೆ ತಂದದ್ದೇ ಒಳ್ಳೆಯ ಸರಕು ಎಂಬುದು ಆ ನಂಬಿಕೆ. ಇದನ್ನು ನಾನು ಪೂರ್ತಿಯಾಗಿ ಅಲ್ಲಗಳೆಯುತ್ತೇನೆ. ಖಾಲಿಯಾದ, ಹೊಚ್ಚ ಹೊಸತಾದ, ಒಂದು ಡಿಸ್ಕೂ ಕೆಡದ ಅರೇಯ ಮೇಲೆ ಕೆಲವು ನಿಮಿಷ ಓಡಿಸಿ ತೆಗೆದ ಅಂಕಿ ಆ ಅರೇಯ ಬಗ್ಗೆ ನಮಗೆ ಬೇಕಾದ ಯಾವುದನ್ನೂ ಹೇಳುವುದಿಲ್ಲ. ಅರೇ ತುಂಬಿ, ಹಳತಾಗಿ, ಒಂದು ಡಿಸ್ಕ್ ಸತ್ತಿರುವ ದಿನ ನಮ್ಮದೇ ಕೆಲಸವನ್ನು ಅದು ಹೇಗೆ ನಿಭಾಯಿಸುತ್ತದೆ ಎಂಬುದನ್ನು ಅಳೆಯಬೇಕು.

ಆ 2.1 ಎಲ್ಲಿಂದ ಬಂತು ಎಂದು ಮೊದಲು ನೋಡೋಣ. ಆ ಸರ್ವರಿನಲ್ಲಿ 128 ಜಿಬಿ ರ‍್ಯಾಮ್ ಇತ್ತು. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಮ್ ‘ಬರೆ’ ಎಂದು ಹೇಳಿದಾಗ ಕರ್ನಲ್ ಅದನ್ನು ಮೊದಲು ರ‍್ಯಾಮಿನ ಪುಟಗಳಿಗೆ ನಕಲು ಮಾಡಿಕೊಂಡು ‘ಆಯಿತು’ ಎಂದು ಹೇಳಿಬಿಡುತ್ತದೆ. ಡಿಸ್ಕಿಗೆ ಕಳಿಸುವುದು ಆಮೇಲಿನ ಮಾತು. ಸಾಮಾನ್ಯ ಹೊಂದಾಣಿಕೆಯಲ್ಲಿ ಬಳಸಬಹುದಾದ ರ‍್ಯಾಮಿನ ಹತ್ತನೆಯ ಒಂದು ಭಾಗ ಹೀಗೆ ಬರೆಯಬೇಕಾದ ದತ್ತಾಂಶದಿಂದ ತುಂಬುವವರೆಗೆ, ಅಥವಾ ಆ ದತ್ತಾಂಶ 30 ಸೆಕೆಂಡು ಹಳತಾಗುವವರೆಗೆ, ಕರ್ನಲ್‌ಗೆ ಆತುರವೇನೂ ಇರುವುದಿಲ್ಲ. ನಮ್ಮ ಪರೀಕ್ಷೆ 10 ಜಿಬಿಯದು, ಐದು ಸೆಕೆಂಡಿನದು. ಅಂದರೆ 2.1 ಎಂದು ಪರದೆಯ ಮೇಲೆ ಬಂದ ಆ ಗಳಿಗೆಯಲ್ಲಿ ಒಂದು ಬೈಟ್ ಕೂಡ ಡಿಸ್ಕನ್ನು ಮುಟ್ಟಿರಬೇಕಾದ ಅಗತ್ಯ ಇರಲಿಲ್ಲ. 36 ಡಿಸ್ಕುಗಳ ಜಾಗದಲ್ಲಿ ಹಳೆಯ ಲ್ಯಾಪ್‌ಟಾಪಿನ ಒಂದೇ ಡಿಸ್ಕ್ ಇದ್ದಿದ್ದರೂ ಅದೇ 2.1 ಬರುತ್ತಿತ್ತು. ಲಕ್ಷಾಂತರ ರೂಪಾಯಿಯ ಅರೇಯನ್ನು ಒಪ್ಪಿಕೊಳ್ಳಲು ನಾವು ಸರ್ವರಿನ ರ‍್ಯಾಮನ್ನು ಅಳೆದಿದ್ದೆವು.

ರ‍್ಯಾಮಿನಲ್ಲಿ ಹೀಗೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಕ್ಯಾಶ್‌ನ ಕಾಟವನ್ನು ತಪ್ಪಿಸಿದರೂ ಮುಂದಿನ ಬಲೆಗಳು ಕಾದಿರುತ್ತವೆ. ಬರೆದದ್ದು ಬರೀ ಸೊನ್ನೆ. ಜಡ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಮ್‌ನಲ್ಲಿ ಕಂಪ್ರೆಷನ್ ಚಾಲೂ ಇದ್ದರೆ ಸೊನ್ನೆಗಳ ಬ್ಲಾಕನ್ನು ಅದು ಡಿಸ್ಕಿಗೆ ಬರೆಯುವುದೇ ಇಲ್ಲ, ‘ಇಲ್ಲಿ ಏನೂ ಇಲ್ಲ’ ಎಂದು ಗುರುತು ಹಾಕಿಕೊಂಡು ಸುಮ್ಮನಾಗುತ್ತದೆ. ಇನ್ನು ಡಿಸ್ಕಿನ ಹೊರ ಅಂಚಿನ ವೃತ್ತಗಳು ದೊಡ್ಡವು, ಒಂದು ಸುತ್ತಿಗೆ ಅಲ್ಲಿ ಹೆಚ್ಚು ದತ್ತಾಂಶ ಹಾದುಹೋಗುತ್ತದೆ. ಡಿಸ್ಕಿನ ವಿಳಾಸಗಳು ಶುರುವಾಗುವುದೂ ಅಲ್ಲಿಂದಲೇ. ಖಾಲಿ ಡಿಸ್ಕಿನ ಮೇಲಿನ ಪರೀಕ್ಷೆ ಸಾಮಾನ್ಯವಾಗಿ ಹೊರ ಅಂಚಿನಲ್ಲೇ ನಡೆಯುತ್ತದೆ. ಸಂಗ್ರಹ ತುಂಬುತ್ತ ಒಳ ಅಂಚಿಗೆ ಬಂದಾಗ ವೇಗ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ, ವೃತ್ತದ ಸುತ್ತಳತೆಯ ಲೆಕ್ಕ ಅಷ್ಟೆ. ಆದರೆ ಕೊಳ್ಳುವವನಿಗೆ ಹೇಳುವುದು ಮಾತ್ರ ಹೊರ ಅಂಚಿನ ಸಂಖ್ಯೆಯನ್ನು.

ಇಷ್ಟೆಲ್ಲವನ್ನೂ ಸರಿಪಡಿಸಿ, ನಿಜವಾಗಿಯೂ ಡಿಸ್ಕಿನಿಂದಲೇ ಸೆಕೆಂಡಿಗೆ 2.1 ಜಿಬಿ ಬಂತು ಎಂದಿಟ್ಟುಕೊಳ್ಳಿ. ಆಗಲೂ ನನ್ನ ಬ್ಯಾಕಪ್ ಆರು ದಿನ ತೆಗೆದುಕೊಳ್ಳುತ್ತಿತ್ತು.

ಸ್ಕ್ಯಾನ್ ಮಾಡಿದ ಪುಟವನ್ನು ಓದುಗ ಹಿಗ್ಗಿಸಿ ನೋಡಲು ಬರುವಂತೆ ನಾವು ಪ್ರತಿ ಪುಟವನ್ನೂ ಹಲವು ಸಣ್ಣ ಚಿತ್ರಗಳಾಗಿ ಕತ್ತರಿಸಿ ಇಟ್ಟಿದ್ದೆವು. ಒಟ್ಟು ಸುಮಾರು 4 ಕೋಟಿ ಫೈಲುಗಳು, ಒಂದೊಂದೂ ಸರಾಸರಿ 40 ಕೆಬಿ. ಕೂಡಿಸಿದರೆ 1.6 ಟಿಬಿ. ಟೆಂಡರಿನ ವೇಗದಿಂದ ಭಾಗಿಸಿದರೆ 13 ನಿಮಿಷದಲ್ಲಿ ಮುಗಿಯಬೇಕು. ಕಾಗದದ ಮೇಲಿನ ಈ ಲೆಕ್ಕವನ್ನು ನಂಬಿಯೇ ನಾನು ಶನಿವಾರ ರಾತ್ರಿ ನಿಶ್ಚಿಂತೆಯಿಂದ ಮನೆಗೆ ಹೋಗಿದ್ದು.

ಈಗ ಡಿಸ್ಕಿನ ಒಳಗಿನ ಲೆಕ್ಕ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಹಿಡಿಯುತ್ತದೆ. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 4 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ತಲೆ ಒಂದು ವೃತ್ತದಿಂದ ಇನ್ನೊಂದಕ್ಕೆ ಸರಿಯಲು ಸರಾಸರಿ ಎಂಟೂವರೆ. ಎರಡೂ ಸೇರಿ ಸುಮಾರು 12.5 ಮಿಲಿಸೆಕೆಂಡು. ಆದ್ದರಿಂದ ಒಂದು ಡಿಸ್ಕ್ ಸೆಕೆಂಡಿಗೆ 80 ಬಾರಿಗಿಂತ ಹೆಚ್ಚು ಸಲ ಎಲ್ಲಿಂದೆಲ್ಲಿಗೋ ಜಿಗಿಯಲಾರದು. ನನ್ನ ಬ್ಯಾಕಪ್ ಪ್ರೋಗ್ರಾಮ್ ಒಂದು ಫೈಲ್ ತೆರೆದು, ಓದಿ, ಮುಚ್ಚಿ, ಆಮೇಲೆ ಮುಂದಿನದಕ್ಕೆ ಹೋಗುವ ಜಾತಿಯದು. ಆ ಹೊತ್ತಿಗೆ ಕೆಲಸ ಮಾಡುತ್ತಿರುವುದು ಒಂದೇ ಡಿಸ್ಕ್, ಉಳಿದ 35 ಸುಮ್ಮನೆ ತಿರುಗುತ್ತಿರುತ್ತವೆ. ಫೈಲಿಗೆ ಒಂದೇ ಒಂದು ಜಿಗಿತ ಎಂದು ಉದಾರವಾಗಿ ಲೆಕ್ಕ ಹಿಡಿದರೂ 4 ಕೋಟಿ ಫೈಲಿಗೆ 5 ಲಕ್ಷ ಸೆಕೆಂಡು ಬೇಕು. ಐದು ದಿನ, ಹತ್ತೊಂಬತ್ತು ಗಂಟೆ. ಶನಿವಾರ ರಾತ್ರಿಯಿಂದ ಶುಕ್ರವಾರ.

ಒಂದೇ ಡೈರೆಕ್ಟರಿಯ ಫೈಲುಗಳನ್ನು ಫೈಲ್ ಸಿಸ್ಟಮ್ ಹತ್ತಿರ ಹತ್ತಿರ ಇಟ್ಟಿದ್ದರೆ, ಮುಂದೆ ಬೇಕಾಗುವುದನ್ನು ಮೊದಲೇ ಓದಿಟ್ಟುಕೊಂಡಿದ್ದರೆ, ಒಟ್ಟಿಗೆ ಹತ್ತಾರು ಎಳೆಗಳಲ್ಲಿ ಬ್ಯಾಕಪ್ ನಡೆಸಿದ್ದರೆ ಈ ಲೆಕ್ಕ ಬಹಳ ತಗ್ಗುತ್ತಿತ್ತು. ಹಾಗೆ ತಗ್ಗಿಸುವುದೇ ಫೈಲ್ ಸಿಸ್ಟಮಿನ ಜಾಣತನ, ಒಂದು ಫೈಲ್ ಸಿಸ್ಟಮಿಗೂ ಇನ್ನೊಂದಕ್ಕೂ ಇರುವ ನಿಜವಾದ ವ್ಯತ್ಯಾಸವೂ ಅದೇ. ಒಂದು ದೊಡ್ಡ ಫೈಲನ್ನು ಉದ್ದಕ್ಕೆ ಬರೆಯುವ ಪರೀಕ್ಷೆ ಈ ಜಾಣತನಕ್ಕೆ ಕೆಲಸವನ್ನೇ ಕೊಡುವುದಿಲ್ಲ. ಅಲ್ಲಿ ಎಲ್ಲ ಫೈಲ್ ಸಿಸ್ಟಮ್‌ಗಳೂ ಜಾಣರಂತೆಯೇ ಕಾಣುತ್ತವೆ.

ಬರೆಯುವ ಲೆಕ್ಕ ಇನ್ನೂ ಕಠಿಣ. ನಮ್ಮದು ರೈಡ್ 6. ಎರಡು ಡಿಸ್ಕ್ ಸತ್ತರೂ ದತ್ತಾಂಶ ಉಳಿಯಲಿ ಎಂದು ಎರಡು ಬಗೆಯ ಪ್ಯಾರಿಟಿ, ಅಂದರೆ ಕಳೆದುಹೋದದ್ದನ್ನು ಲೆಕ್ಕ ಹಾಕಿ ಮರಳಿ ಪಡೆಯುವ ಮಾಹಿತಿ, ಇಡುವ ವ್ಯವಸ್ಥೆ. ಅದರಲ್ಲಿ ಒಂದು ಸಣ್ಣ ತುಣುಕನ್ನು ಬದಲಿಸಬೇಕಾದರೆ ಹಳೆಯ ದತ್ತಾಂಶ ಮತ್ತು ಎರಡು ಹಳೆಯ ಪ್ಯಾರಿಟಿಗಳನ್ನು ಓದಬೇಕು, ಮೂರನ್ನೂ ಹೊಸದಾಗಿ ಬರೆಯಬೇಕು. ಒಂದು ಬರಹಕ್ಕೆ ಆರು ಓಡಾಟ. 36 ಡಿಸ್ಕುಗಳು ತಲಾ 80 ಜಿಗಿತದಂತೆ ಸೆಕೆಂಡಿಗೆ 2880 ಜಿಗಿತ, ಆರರಿಂದ ಭಾಗಿಸಿದರೆ 480 ಬರಹ. ಒಂದೊಂದೂ 4 ಕೆಬಿಯದಾದರೆ ಇಡೀ ಅರೇ ಸೆಕೆಂಡಿಗೆ ಬರೆಯಬಲ್ಲದ್ದು 2 ಎಂಬಿಗಿಂತ ಕಡಿಮೆ. ಟೆಂಡರಿನ ಸಂಖ್ಯೆಗೂ ಇದಕ್ಕೂ ಸಾವಿರ ಪಟ್ಟಿನ ಅಂತರ. ಕಂಟ್ರೋಲರಿನ ಬ್ಯಾಟರಿ ಆಸರೆಯ ಕ್ಯಾಶ್ ಈ ಅಂತರವನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆ. ಆ ಬ್ಯಾಟರಿ ಹಳತಾದಾಗಲೋ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಾಗಲೋ ಹಲವು ಕಂಟ್ರೋಲರುಗಳು ಕ್ಯಾಶ್‌ನ ಆಸರೆ ಬಿಟ್ಟು ನೇರ ಬರಹಕ್ಕೆ ಇಳಿಯುತ್ತವೆ. ಆಗ ಮುಚ್ಚಿಟ್ಟದ್ದೆಲ್ಲ ಹೊರಗೆ ಬರುತ್ತದೆ.

ಇಲ್ಲಿ ಎದುರು ವಾದ ಒಂದಿದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ‘ಸಂಖ್ಯೆ ಅಪೂರ್ಣ ಇರಬಹುದು, ಆದರೆ ಎಲ್ಲರಿಗೂ ಒಂದೇ ಪರೀಕ್ಷೆ ಅಲ್ಲವೇ? ಹೋಲಿಸಲು ಏನಾದರೂ ಒಂದು ಬೇಕಲ್ಲ? ಪ್ರತಿಯೊಬ್ಬರೂ ತಮ್ಮ ಕೆಲಸವನ್ನೇ ಅಳೆಯಲು ಹೊರಟರೆ ಟೆಂಡರ್ ಕರೆಯುವುದು ಹೇಗೆ, ಕಡಿಮೆ ದರದವರನ್ನು ಆರಿಸುವುದು ಹೇಗೆ?’ ಸಾರ್ವಜನಿಕ ಹಣ ಖರ್ಚು ಮಾಡುವ ಸಂಸ್ಥೆಯಲ್ಲಿ ಕೂತವರಿಗೆ ಈ ಪ್ರಶ್ನೆಯ ಭಾರ ಗೊತ್ತು. ನನಗೂ ಗೊತ್ತು. ಆದರೆ ಒಂದೇ ಪರೀಕ್ಷೆ ಎಂಬುದು ನ್ಯಾಯವಾಗುವುದು ಆ ಪರೀಕ್ಷೆ ಮುಂದೆ ಮಾಡಬೇಕಾದ ಕೆಲಸಕ್ಕೆ ಸಂಬಂಧಪಟ್ಟಿದ್ದಾಗ ಮಾತ್ರ. ಉಳುವ ಎತ್ತನ್ನು ಕೊಳ್ಳಲು ಜಾತ್ರೆಗೆ ಹೋದವನು ಎಲ್ಲ ಎತ್ತುಗಳನ್ನೂ ಒಂದೇ ಮೈದಾನದಲ್ಲಿ ಓಡಿಸಿ ಮೊದಲು ಬಂದದ್ದನ್ನು ಹೊಡೆದುಕೊಂಡು ಬರುವುದಿಲ್ಲ. ಹೆಗಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸುತ್ತಾನೆ. ಅವನೂ ಹೋಲಿಸುತ್ತಾನೆ, ತನ್ನ ಹೊಲವನ್ನು ಮನಸ್ಸಿನಲ್ಲಿಟ್ಟುಕೊಂಡು.

ಬೆಂಚ್‌ಮಾರ್ಕ್ ಎಂದು ಕರೆಯುವ ಈ ಪರೀಕ್ಷೆಗಳು ಹುಟ್ಟಿದ್ದೂ ಹಾಗೆಯೇ, ಯಾರದೋ ಹೊಲದಲ್ಲಿ. ಬಾನಿ ಎಂಬ ಹೆಸರಾಂತ ಸಾಧನವನ್ನು ಬರೆದ ಟಿಮ್ ಬ್ರೇ, ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಕಂಪ್ಯೂಟರಿಗೆ ತರುವ ಯೋಜನೆಯಲ್ಲಿದ್ದವರು. ಬೃಹತ್ ಪಠ್ಯದೊಳಗೆ ಎಲ್ಲೆಲ್ಲಿಗೋ ಜಿಗಿದು ಓದುವುದು ಅವರ ಕೆಲಸವಾಗಿತ್ತು. 1997ರಲ್ಲಿ ನೆಟ್‌ಆ್ಯಪ್‌ನ ಜೆಫ್ರಿ ಕ್ಯಾಚರ್ ಬರೆದ ಪೋಸ್ಟ್‌ಮಾರ್ಕ್, ಇಮೇಲ್ ಸರ್ವರಿನಂಥ ಸಣ್ಣ ಫೈಲುಗಳ ಕೆಲಸವನ್ನು ಅನುಕರಿಸಲು ಹುಟ್ಟಿದ್ದು. ಎರಡರ ಹಿಂದೆಯೂ ಒಂದು ಪ್ರಾಮಾಣಿಕ ಪ್ರಶ್ನೆ ಇತ್ತು. ಮುಂದಿನವರು ಆ ಪ್ರಶ್ನೆಯನ್ನು ಬಿಟ್ಟು ಉತ್ತರದ ಅಂಕಣವನ್ನಷ್ಟೇ ಎತ್ತಿಕೊಂಡರು. ಪೋಸ್ಟ್‌ಮಾರ್ಕನ್ನು ಹೇಗಿದೆಯೋ ಹಾಗೆ ಓಡಿಸಿದರೆ ಅದು ಸೃಷ್ಟಿಸುವುದು 500 ಪುಟ್ಟ ಫೈಲು, ನಡೆಸುವುದು 500 ವ್ಯವಹಾರ. ಇಂದಿನ ಯಂತ್ರದಲ್ಲಿ ಅದು ಕಣ್ಣುಮಿಟುಕಿಸುವುದರೊಳಗೆ ರ‍್ಯಾಮಿನಲ್ಲೇ ಮುಗಿದುಹೋಗುತ್ತದೆ.

ಸಂಶೋಧಕರೂ ಈ ದೋಷಕ್ಕೆ ಹೊರತಾಗಿರಲಿಲ್ಲ ಎಂಬುದು ನನ್ನನ್ನು ಹೆಚ್ಚು ನೋಯಿಸುವ ಸಂಗತಿ. 2008ರಲ್ಲಿ ಅವಿಷಾಯ್ ಟ್ರೇಗರ್, ಎರೆಜ್ ಜಾಡೋಕ್ ಮತ್ತು ಸಂಗಡಿಗರು 106 ಪ್ರಬಂಧಗಳಲ್ಲಿ ಬಂದ 415 ಬೆಂಚ್‌ಮಾರ್ಕುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಜನಪ್ರಿಯ ಬೆಂಚ್‌ಮಾರ್ಕುಗಳಲ್ಲಿ ಹೆಚ್ಚಿನವು ದೋಷಪೂರಿತ, ಬಹಳಷ್ಟು ಪ್ರಬಂಧಗಳು ನಿಜವಾದ ಕಾರ್ಯಕ್ಷಮತೆಯ ಸ್ಪಷ್ಟ ಚಿತ್ರ ಕೊಡುವುದಿಲ್ಲ ಎಂಬುದು ಅವರ ತೀರ್ಮಾನ. 2011ರಲ್ಲಿ ವಸಿಲಿ ತರಾಸೊವ್, ಜಾಡೋಕ್, ಮಾರ್ಗೊ ಸೆಲ್ಟ್ಸರ್ ಮೊದಲಾದವರು ಇನ್ನೂ ಸರಳವಾದ ಪ್ರಯೋಗ ಮಾಡಿದರು. ಒಂದೇ ಫೈಲ್, ಅದರೊಳಗೆ ಅಲ್ಲಲ್ಲಿ ಓದುವುದು, ಬೇರೇನೂ ಇಲ್ಲ. ಫೈಲಿನ ಗಾತ್ರ ಕ್ಯಾಶ್‌ನ ಗಾತ್ರವನ್ನು ಸ್ವಲ್ಪ ದಾಟಿದರೆ ಸಾಕು, ವೇಗ ಹತ್ತು ಪಟ್ಟು ಕುಸಿಯಿತು. ಆ ಅಂಚಿನ ಯಾವ ಬದಿಯಲ್ಲಿ ನಿಂತು ಅಳೆದೆವು ಎಂಬುದರ ಮೇಲೆ ಅದೇ ಯಂತ್ರ, ಅದೇ ಫೈಲ್ ಸಿಸ್ಟಮ್ ಅದ್ಭುತವೂ ಆಗುತ್ತದೆ, ನಿಷ್ಪ್ರಯೋಜಕವೂ ಆಗುತ್ತದೆ. ಹಾಗಿರುವಾಗ ಎರಡು ಫೈಲ್ ಸಿಸ್ಟಮುಗಳ ನಡುವಿನ ನೂರಕ್ಕೆ 8ರಷ್ಟು ವ್ಯತ್ಯಾಸವನ್ನು ಬಣ್ಣದ ಕಂಬಗಳಲ್ಲಿ ಬರೆದು ತೋರಿಸುವವರು ಏನನ್ನು ತೋರಿಸುತ್ತಿದ್ದಾರೆ?

ವಯಸ್ಸಿನ ಮಾತಿಗೆ ಬರುತ್ತೇನೆ, ಇದು ನನಗೆ ಅತಿ ಮುಖ್ಯ. ಕಣಜ ಖಾಲಿ ಇರುವಾಗ ಯಾವ ಚೀಲವನ್ನು ಎಲ್ಲಿ ಬೇಕಾದರೂ ಇಡಬಹುದು. ಎರಡು ವರ್ಷ ತುಂಬಿ, ತೆಗೆದು, ಮತ್ತೆ ತುಂಬಿದ ಮೇಲೆ ಸಂದುಗೊಂದುಗಳಷ್ಟೇ ಉಳಿದಿರುತ್ತವೆ. ಫೈಲ್ ಸಿಸ್ಟಮಿನಲ್ಲೂ ಖಾಲಿ ಜಾಗ ಚೂರು ಚೂರಾಗುತ್ತದೆ, ಹೊಸ ಫೈಲು ಹತ್ತು ಕಡೆ ಹರಿದು ಹಂಚಿ ಕೂರುತ್ತದೆ, ಉದ್ದಕ್ಕೆ ಓದಬೇಕಾದದ್ದು ಜಿಗಿದು ಜಿಗಿದು ಓದುವಂತಾಗುತ್ತದೆ. ಇದು ಹೊಸ ಜ್ಞಾನವೂ ಅಲ್ಲ. ಹಾರ್ವರ್ಡಿನ ಕೀತ್ ಸ್ಮಿತ್ ಮತ್ತು ಮಾರ್ಗೊ ಸೆಲ್ಟ್ಸರ್ 1997ರಲ್ಲೇ, ಪರೀಕ್ಷೆಗೆ ಮೊದಲು ಫೈಲ್ ಸಿಸ್ಟಮನ್ನು ಬೇಕೆಂದೇ ಹಳತು ಮಾಡಬೇಕು ಎಂದು ವಾದಿಸಿ, ಹಾಗೆ ಮಾಡುವ ಬಗೆಯನ್ನೂ ತೋರಿಸಿದ್ದರು. ಆಮೇಲೆ ಬಹುಮಂದಿ ‘ಈಗಿನ ಫೈಲ್ ಸಿಸ್ಟಮುಗಳಿಗೆ ಮುಪ್ಪು ಬರುವುದಿಲ್ಲ’ ಎಂದು ನಂಬಿ ಆ ಕೆಲಸವನ್ನು ಕೈಬಿಟ್ಟರು. 2017ರಲ್ಲಿ ಇನ್ನೊಂದು ತಂಡ ಆ ನಂಬಿಕೆಯನ್ನು ಪರೀಕ್ಷಿಸಿತು. ಅವರು ಬಳಸಿದ್ದು ಪ್ರೋಗ್ರಾಮರುಗಳು ದಿನವೂ ಮಾಡುವ ‘ಗಿಟ್ ಪುಲ್’ ಅನ್ನು. ಇಎಕ್ಸ್‌ಟಿ4 ಮತ್ತು ಜಡ್‌ಎಫ್‌ಎಸ್‌ಗಳ ಮೇಲೆ ಕೆಲವು ನೂರು ಪುಲ್‌ಗಳಾದ ಮೇಲೆ ಓದುವ ವೇಗ ಅರ್ಧಕ್ಕೆ ಇಳಿಯಿತು, ಸಾವಿರ ಪುಲ್‌ಗಳಾದಾಗ 30 ಪಟ್ಟಿನವರೆಗೂ ಕುಸಿಯಿತು. ಮೂವತ್ತು ಪಟ್ಟು! ಮಾರಾಟದ ಹಾಳೆಗಳಲ್ಲಿ ಇದರ ಸುಳಿವೂ ಇರುವುದಿಲ್ಲ.

‘ಹಳತು ಮಾಡಿ ಅಳೆಯಲು ತಿಂಗಳುಗಟ್ಟಲೆ ಬೇಕು, ಯಾರಿಗಿದೆ ವ್ಯವಧಾನ?’ ಎನ್ನುತ್ತಾರೆ. ಬೇಕಿಲ್ಲ. ನಮ್ಮ ಫೈಲುಗಳಿಂದಲೇ ನೂರಕ್ಕೆ 85ರಷ್ಟು ತುಂಬಿ, ಮನಬಂದಲ್ಲಿ ಮೂರನೆಯ ಒಂದು ಭಾಗವನ್ನು ಅಳಿಸಿ, ಮತ್ತೆ ತುಂಬಿ, ಮತ್ತೆ ಅಳಿಸಿ ನಾಲ್ಕು ಸುತ್ತು ಮಾಡಿದರೆ ನಿಜವಾದ ಮುಪ್ಪಿನ ಹತ್ತಿರಕ್ಕಾದರೂ ಬರುತ್ತದೆ. ಐದು ವರ್ಷ ಬಳಸುವ ವಸ್ತುವಿಗೆ ಕೆಲವು ದಿನಗಳ ಪರೀಕ್ಷೆ ದುಬಾರಿಯೇ?

ಡಿಸ್ಕ್ ಸಾಯುವ ದಿನದ ವೇಗವನ್ನು ಸಾಮಾನ್ಯವಾಗಿ ಯಾರೂ ಅಳೆಯುವುದಿಲ್ಲ. 1988ರಲ್ಲಿ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಟ್ಜ್ ರೈಡ್ ಎಂಬ ಹೆಸರನ್ನೂ ಕಲ್ಪನೆಯನ್ನೂ ಮುಂದಿಟ್ಟ ಪ್ರಬಂಧದಲ್ಲಿ, ಡಿಸ್ಕುಗಳ ಸಂಖ್ಯೆ ಹೆಚ್ಚಿದಷ್ಟೂ ಯಾವುದಾದರೊಂದು ಕೆಡುವ ಸಂಭವ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬುದೇ ವಾದದ ಬುನಾದಿ. ದೊಡ್ಡ ಅರೇಯಲ್ಲಿ ಡಿಸ್ಕ್ ಸಾವು ಅಪರೂಪದ ಅವಘಡ ಅಲ್ಲ, ಮಳೆಗಾಲದಂತೆ ಬಂದೇ ಬರುವಂಥದ್ದು. ಆ ದಿನ ಏನಾಗುತ್ತದೆ? ಹತ್ತು ದತ್ತಾಂಶದ, ಎರಡು ಪ್ಯಾರಿಟಿಯ ಗುಂಪಿನಲ್ಲಿ ಒಂದು ಡಿಸ್ಕ್ ಸತ್ತರೆ, ಅದರ ಮೇಲಿದ್ದ ಪ್ರತಿ ತುಣುಕನ್ನು ಓದಲು ಉಳಿದವುಗಳಲ್ಲಿ ಹತ್ತನ್ನು ಓದಿ ಲೆಕ್ಕ ಹಾಕಬೇಕು. ಜೊತೆಗೆ ಹೊಸ ಡಿಸ್ಕಿಗೆ ಹಳೆಯದನ್ನೆಲ್ಲ ಮರಳಿ ಕಟ್ಟುವ ರೀಬಿಲ್ಡ್ ನಡೆಯುತ್ತಿರುತ್ತದೆ. ಇಂದಿನ 20 ಟಿಬಿ ಡಿಸ್ಕಿಗೆ ಸೆಕೆಂಡಿಗೆ ಸರಾಸರಿ 200 ಎಂಬಿಯಂತೆ ಬರೆದರೂ 1 ಲಕ್ಷ ಸೆಕೆಂಡು, ಸುಮಾರು 28 ಗಂಟೆ. ಅದು ಬೇರಾರೂ ಅರೇಯನ್ನು ಮುಟ್ಟದಿದ್ದರೆ ಮಾತ್ರ. ಬಳಕೆದಾರರಿಗೂ ಜಾಗ ಬಿಟ್ಟರೆ ದಿನಗಟ್ಟಲೆ. ರೀಬಿಲ್ಡನ್ನು ಬೇಗ ಮುಗಿಸಿದರೆ ಓದುಗರು ಕಾಯಬೇಕು, ಓದುಗರನ್ನು ಕಾಯಿಸದಿದ್ದರೆ ಇನ್ನೊಂದು ಡಿಸ್ಕ್ ಸಾಯುವ ಭಯದಲ್ಲಿ ಹೆಚ್ಚು ದಿನ ಕಳೆಯಬೇಕು. ಅರೇಯ ಯೋಗ್ಯತೆ ನಿಜವಾಗಿ ಬಯಲಾಗುವುದು ಈ ಇಕ್ಕಟ್ಟಿನಲ್ಲಿ. ಬೆಂಚ್‌ಮಾರ್ಕ್ ಹಾಳೆಯಲ್ಲಿ ಇದಕ್ಕೆ ಒಂದು ಅಂಕಣವೂ ಇಲ್ಲ.

ಸರಾಸರಿಯ ಸಮಸ್ಯೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೂರಕ್ಕೆ ಒಂದು ಸಲ ಮಾತ್ರ ತಡಮಾಡುವ ಡಿಸ್ಕ್ ಒಳ್ಳೆಯ ಡಿಸ್ಕೇ. ಆದರೆ ಒಂದು ಓದು ಹತ್ತು ಡಿಸ್ಕುಗಳಿಗೆ ಹಂಚಿಹೋಗಿ, ಎಲ್ಲವೂ ಬರುವವರೆಗೆ ಕಾಯಬೇಕಾದಾಗ ನೂರಕ್ಕೆ ಸುಮಾರು 10 ಓದುಗಳು ತಡವಾಗುತ್ತವೆ. 30 ಡಿಸ್ಕುಗಳಿಗೆ ಹಂಚಿದರೆ 26. ಡಿಸ್ಕ್ ಹೆಚ್ಚಿಸಿದಂತೆ ಸರಾಸರಿ ವೇಗ ಏರುತ್ತದೆ, ಅದರೊಟ್ಟಿಗೆ ತಡವಾಗಿ ಬರುವ ಪುಟಗಳೂ ಏರುತ್ತವೆ. ನಮ್ಮ ಓದುಗರು ಎದ್ದುಹೋದದ್ದು ಸರಾಸರಿ ವೇಗ ಕಡಿಮೆಯಾಗಿತ್ತು ಎಂದಲ್ಲ, ತಮ್ಮ ಪುಟ ಬರಲಿಲ್ಲ ಎಂದು.

ಇಲ್ಲಿಯವರೆಗೆ ಹೇಳಿದ್ದು ತಪ್ಪು ಅಳತೆಯಿಂದ ಕೊಳ್ಳುವವನಿಗಾಗುವ ನಷ್ಟ. ಅದಕ್ಕಿಂತ ದೊಡ್ಡ ಹಾನಿಯೊಂದಿದೆ. ಅಳತೆಯು ಫೈಲ್ ಸಿಸ್ಟಮ್ ಕಟ್ಟುವವರ ಕೈಯನ್ನೂ ತಿದ್ದುತ್ತದೆ. ಡಿಸ್ಕಿನೊಳಗೂ ಒಂದು ಪುಟ್ಟ ಕ್ಯಾಶ್ ಇರುತ್ತದೆ. ಅದರಲ್ಲಿರುವುದನ್ನು ‘ಈಗಲೇ ತಟ್ಟೆಯ ಮೇಲೆ ಬರೆ’ ಎಂದು ಹೇಳುವ ಆಜ್ಞೆಯ ಬಳಕೆಯನ್ನು ಲಿನಕ್ಸ್‌ನಲ್ಲಿ ಬ್ಯಾರಿಯರ್ ಎನ್ನುತ್ತಿದ್ದರು. ಫೈಲ್ ಸಿಸ್ಟಮ್ ತನ್ನ ಬದಲಾವಣೆಗಳನ್ನು ಮೊದಲು ಬರೆದಿಡುವ ಜರ್ನಲ್ ಸರಿಯಾದ ಕ್ರಮದಲ್ಲಿ ಉಳಿಯಬೇಕಾದರೆ ಅದು ಬೇಕೇಬೇಕು. ಅದರಿಂದ ವೇಗ ಸ್ವಲ್ಪ ಕುಗ್ಗುತ್ತದೆ. ಎಷ್ಟೋ ವರ್ಷ ಇಎಕ್ಸ್‌ಟಿ3 ಎಂಬ ಫೈಲ್ ಸಿಸ್ಟಮಿನಲ್ಲಿ ಬ್ಯಾರಿಯರ್ ತಾನಾಗಿಯೇ ಚಾಲೂ ಇರುತ್ತಿರಲಿಲ್ಲ, ಎಕ್ಸ್‌ಎಫ್‌ಎಸ್‌ನಲ್ಲಿ ಇರುತ್ತಿತ್ತು. ಹೋಲಿಕೆಯ ನಕ್ಷೆ ಬರೆದವರು ಎರಡನ್ನೂ ಇದ್ದ ಹಾಗೆ ಓಡಿಸಿ, ಎಕ್ಸ್‌ಎಫ್‌ಎಸ್ ನಿಧಾನ ಎಂದು ಬರೆದರು. ಒಬ್ಬ ಬಾಗಿಲಿಗೆ ಚಿಲಕ ಹಾಕಿ ಹೊರಟ, ಇನ್ನೊಬ್ಬ ಹಾಗೇ ಬಿಟ್ಟು ಹೊರಟ. ಮೊದಲು ಬಸ್‌ಸ್ಟ್ಯಾಂಡ್ ಸೇರಿದವನನ್ನು ಚುರುಕು ಎಂದು ಹೊಗಳಿದಂತಾಯಿತು. ವೇಗ ಇಳಿದೀತೆಂಬ ಅಳುಕಿನಿಂದಲೇ ಸುರಕ್ಷಿತವಾದ ಆಯ್ಕೆ ಸಹಜ ಆಯ್ಕೆಯಾಗುವುದು ತಡವಾಯಿತು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ, ಯುಪಿಎಸ್ ಬ್ಯಾಟರಿ ಯಾವಾಗ ಕೈಕೊಡುತ್ತದೋ ಎಂದು ಕಾಯುತ್ತ ಸರ್ವರ್ ನೋಡಿಕೊಳ್ಳುವವನಿಗೆ ಈ ತಡ ಬರೀ ತಾಂತ್ರಿಕ ವಿವರವಾಗಿ ಕಾಣುವುದಿಲ್ಲ. 2014ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತನುಮಲಯನ್ ಶಂಕರನಾರಾಯಣ ಪಿಳ್ಳೈ ಮತ್ತು ಸಂಗಡಿಗರು 11 ಹೆಸರಾಂತ ತಂತ್ರಾಂಶಗಳನ್ನು ಪರೀಕ್ಷಿಸಿ, ಯಂತ್ರ ನಡುವೆ ನಿಂತರೆ ದತ್ತಾಂಶ ಕೆಡಬಹುದಾದ 60 ದುರ್ಬಲ ಜಾಗಗಳನ್ನು ಕಂಡುಹಿಡಿದರು. ಫೈಲ್ ಸಿಸ್ಟಮ್ ಯಾವ ಕ್ರಮದಲ್ಲಿ ಬರೆಯುತ್ತದೆ ಎಂಬುದು ಒಂದೊಂದರಲ್ಲಿ ಒಂದೊಂದು ಬಗೆ. ಯಾವ ಭರವಸೆ ಕೊಟ್ಟು ಆ ವೇಗ ತಂದಿತು ಎಂದು ಕೇಳದೆ ವೇಗವನ್ನಷ್ಟೇ ಹೋಲಿಸುವುದು ನನ್ನ ದೃಷ್ಟಿಯಲ್ಲಿ ಅಪ್ರಾಮಾಣಿಕತೆ.

‘ಇದೆಲ್ಲ ತಿರುಗುವ ಡಿಸ್ಕುಗಳ ಕಾಲದ ಮಾತು, ಈಗ ಎಸ್‌ಎಸ್‌ಡಿ ಬಂದಿದೆ’ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಹೊಸ ಎಸ್‌ಎಸ್‌ಡಿಯಲ್ಲಿ ಅಳಿಸಿಟ್ಟ ಜಾಗ ಧಾರಾಳವಾಗಿರುತ್ತದೆ. ಅದು ತುಂಬಿದ ಮೇಲೆ ಪ್ರತಿ ಬರಹಕ್ಕೂ ಹಳೆಯದನ್ನು ಸರಿಸಿ, ಅಳಿಸಿ ಜಾಗ ಮಾಡಬೇಕು, ವೇಗ ಕಡಿದಾಗಿ ಬೀಳುತ್ತದೆ. ಸ್ಟೋರೇಜ್ ಉದ್ಯಮದ ಒಕ್ಕೂಟವಾದ ಎಸ್‌ಎನ್‌ಐಎ, ಎಸ್‌ಎಸ್‌ಡಿಯನ್ನು ಮೊದಲು ಹದಗೊಳಿಸಿ ಸ್ಥಿರ ಸ್ಥಿತಿಗೆ ತಂದ ಮೇಲೆಯೇ ಅಳೆಯಬೇಕು ಎಂದು ತನ್ನ ಪರೀಕ್ಷಾ ನಿಯಮದಲ್ಲಿ ಬರೆದಿರುವುದು ಇದಕ್ಕಾಗಿಯೇ. ಇನ್ನು ತಿರುಗುವ ಡಿಸ್ಕುಗಳು ಎಲ್ಲಿಗೂ ಹೋಗಿಲ್ಲ. ದೊಡ್ಡ ಸಂಗ್ರಹಗಳು ಇಂದಿಗೂ ಅವುಗಳ ಮೇಲೆಯೇ ಕೂತಿವೆ, ಅವು ಇನ್ನಷ್ಟು ತೊಡಕಾಗಿವೆ. ಎಸ್‌ಎಂಆರ್ ಎಂಬ ಬಗೆಯಲ್ಲಿ ವೃತ್ತಗಳನ್ನು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಬರೆಯುತ್ತಾರೆ. ನಡುವಿನ ಹೆಂಚು ಬದಲಿಸಬೇಕಾದರೆ ಅದರ ಮೇಲಿನ ಸಾಲನ್ನೆಲ್ಲ ಎತ್ತಬೇಕಲ್ಲ, ಇಲ್ಲೂ ಹಾಗೆಯೇ. ಆ ಕಷ್ಟವನ್ನು ಮರೆಮಾಡಲು ಡಿಸ್ಕಿನಲ್ಲೇ ಒಂದಿಷ್ಟು ಸಾಮಾನ್ಯ ಜಾಗವನ್ನು ತಾತ್ಕಾಲಿಕ ಬರಹಕ್ಕೆ ಮೀಸಲಿಡುತ್ತಾರೆ. ಐದು ನಿಮಿಷದ ಬೆಂಚ್‌ಮಾರ್ಕ್ ಆ ಮೀಸಲು ಜಾಗದಲ್ಲೇ ಮುಗಿದು ಒಳ್ಳೆಯ ಅಂಕ ಪಡೆಯುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ, ಎನ್‌ಎಎಸ್‌ಗೆಂದೇ (ನೆಟ್‌ವರ್ಕಿನ ಸಂಗ್ರಹ ಪೆಟ್ಟಿಗೆಗಳಿಗೆಂದೇ) ಮಾರುತ್ತಿದ್ದ ಕೆಲವು ಡಿಸ್ಕುಗಳು ಈ ಬಗೆಯವು ಎಂದು ಒಪ್ಪಿಕೊಂಡಿತು. ವಿಷಯ ಹೊರಬಿದ್ದದ್ದಕ್ಕೆ ಒಂದು ಕಾರಣ, ರೀಬಿಲ್ಡ್ ಮಾಡಲು ಹೋದ ಬಳಕೆದಾರರು ಅದು ಮುಗಿಯದೆ ಒದ್ದಾಡಿದ್ದು. ಆರಾಮದ ದಿನ ಅಳೆದವರಿಗೆ ಅದು ಕಾಣಿಸಿರಲಿಲ್ಲ.

ಸರಿಯಾಗಿ ಅಳೆಯಲು ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸೂಪರ್‌ಕಂಪ್ಯೂಟರ್‌ಗಳ ಸ್ಟೋರೇಜಿಗಾಗಿ 2017ರಲ್ಲಿ ಶುರುವಾದ ಐಒ500 ಪಟ್ಟಿಯಲ್ಲಿ ಸುಲಭದ ಪರೀಕ್ಷೆಯ ಪಕ್ಕದಲ್ಲೇ ಕಷ್ಟದ ಪರೀಕ್ಷೆಯೂ ಇದೆ. ಸುಲಭದ್ದರಲ್ಲಿ ಸ್ಪರ್ಧಿ ತನಗೆ ಅನುಕೂಲವಾದಂತೆ ಬರೆಯಬಹುದು. ಕಷ್ಟದ್ದರಲ್ಲಿ ಎಲ್ಲರೂ ಒಂದೇ ಫೈಲಿಗೆ 47,008 ಬೈಟಿನ ತುಣುಕುಗಳಲ್ಲಿ ಬರೆಯಬೇಕು, ಅದು ಯಾವ ಬ್ಲಾಕಿಗೂ ಹೊಂದದ ಗಾತ್ರ. ಬರೆಯುವ ಹಂತಗಳು ಕನಿಷ್ಠ 300 ಸೆಕೆಂಡು ನಡೆಯಬೇಕು. ಎರಡರ ಫಲಿತಾಂಶವನ್ನೂ ಬಿಡಿಬಿಡಿಯಾಗಿ ಪ್ರಕಟಿಸುತ್ತಾರೆ. ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಕೊನೆಗೆ ಎಲ್ಲವನ್ನೂ ಗುಣೋತ್ತರ ಸರಾಸರಿಯಲ್ಲಿ ಒಂದೇ ಅಂಕವಾಗಿ ಕುಗ್ಗಿಸಿ ಶ್ರೇಯಾಂಕ ಕೊಡುತ್ತಾರೆ, ಸುದ್ದಿಯಾಗುವುದು ಆ ಒಂದು ಅಂಕವೇ. ಹೊಸ ಪಟ್ಟಿಗೂ ಹಳೆಯ ಚಟ ಬಿಟ್ಟಿಲ್ಲ ಎಂದು ಬೇಸರವಾಗುತ್ತದೆ.

ಆ ಅರೇಯ ಆಯುಸ್ಸು ಮುಗಿದು ಮುಂದಿನದನ್ನು ಕೊಳ್ಳುವಾಗ ಟೆಂಡರಿನ ವೇಗದ ಸಾಲನ್ನು ನಾನು ತೆಗೆದುಹಾಕಿದೆ. ಅದರ ಜಾಗದಲ್ಲಿ ಒಂದು ಪುಟ ಬರೆದೆ. ಅರೇಯನ್ನು ನಮ್ಮದೇ ಚಿತ್ರದ ಚೂರುಗಳಿಂದ ನೂರಕ್ಕೆ 85ರಷ್ಟು ತುಂಬಬೇಕು. ನಾಲ್ಕು ಸುತ್ತು ಅಳಿಸಿ ತುಂಬಬೇಕು. ಬ್ಯಾಕಪ್ ಓಡುತ್ತಿರುವಾಗ, ಜನ ಪುಟ ತೆರೆಯುತ್ತಿರುವಾಗ, ನಾವು ಹೇಳಿದ ಡಿಸ್ಕನ್ನು ಕೈಯಿಂದ ಹೊರಕ್ಕೆ ಎಳೆಯಬೇಕು. ಆ ಸ್ಥಿತಿಯಲ್ಲಿ ನೂರು ಪುಟಗಳಲ್ಲಿ ತೀರಾ ತಡವಾಗಿ ಬಂದ ಪುಟಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬರೆದುಕೊಳ್ಳಬೇಕು. ದರ ಕೊಟ್ಟ ಮೂವರಲ್ಲಿ ಇಬ್ಬರು, ಇಂಥ ಷರತ್ತು ರೂಢಿಯಲ್ಲಿಲ್ಲ ಎಂದು ಪತ್ರ ಬರೆದು ಹಿಂದೆ ಸರಿದರು. ಸಮಿತಿಯಲ್ಲಿದ್ದ ಲೆಕ್ಕಪತ್ರದ ಹಿರಿಯರು ಹಳೆಯ ಕಡತ ತೆಗೆದು, “ಹೋದ ಸಲ 2 ಜಿಬಿ ಅಂತ ಇತ್ತು, ಈಗ ಸೆಕೆಂಡಿಗೆ 140 ಎಂಬಿ ಅಂತ ವರದಿ ಬಂದಿದೆ. ನಾಳೆ ಆಡಿಟ್ನೋರು ಕೇಳಿದ್ರೆ ಏನಪ್ಪಾ ಹೇಳ್ಲಿ?” ಎಂದು ಕೇಳಿದರು. ಹಳೆಯ ಸಹಿಯ ಹಾಳೆಯನ್ನೂ, ಶನಿವಾರದಿಂದ ಶುಕ್ರವಾರದವರೆಗೆ ಓಡಿದ ಬ್ಯಾಕಪ್‌ನ ದಾಖಲೆಯನ್ನೂ ಅವರ ಮುಂದಿಟ್ಟೆ. ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ಓದಿದರು.

ಪರೀಕ್ಷೆಯ ಮೂರನೆಯ ದಿನ ಮೇಲ್ವಿಚಾರಕಿಯನ್ನು ಕರೆದೆ. ಅವರು ತಮ್ಮ ಕಂಪ್ಯೂಟರಿನಲ್ಲಿ ಹಳೆಯ ಪತ್ರಿಕೆಯೊಂದರ ಮುಖಪುಟ ತೆರೆಯಲು ಕೂತರು. ಸರ್ವರ್ ರೂಮಿನಲ್ಲಿ ಡಿಸ್ಕ್ ಎಳೆದ ಜಾಗದಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಫ್ಯಾನುಗಳ ಸದ್ದು ಜೋರಾಗಿತ್ತು. ಅವರು ಒಂದರ ಹಿಂದೆ ಒಂದು ಪುಟ ತೆರೆಯುತ್ತ, ಕೈಗಡಿಯಾರ ನೋಡುತ್ತ, ಒಂದೊಂದರ ಹೊತ್ತನ್ನೂ ಹಾಳೆಯ ಮೇಲೆ ತಾವೇ ಬರೆದುಕೊಂಡರು. ನೂರು ಪುಟ ಮುಗಿದ ಮೇಲೆ ಆ ಹಾಳೆಯನ್ನು ನನ್ನ ಕಡೆ ತಳ್ಳಿದರು. ಕೆಳಗೆ ಮೊದಲ ಸಹಿ ಅವರದಾಗಿತ್ತು.